ಎಲ್ಲರ್ಟನ್ ಶಾಲೆಯ ಇಪ್ಪತ್ತೇಳು ಹೆಸರುಗಳು

ಮಲೇಷ್ಯಾದ ಕ್ಲಾಂಗ್ ಪಟ್ಟಣದ ಎಲ್ಲರ್ಟನ್ ಗ್ರಾಮರ್ ಶಾಲೆಯ ನೂರು ವರ್ಷಗಳ ಚರಿತ್ರೆಯನ್ನು ಬರೆದ ಶ್ರೀ ಸುಬ್ರಾಯ ಉಪಾಧ್ಯರು ಮೂವತ್ತೊಂದು ವರ್ಷ ಅಲ್ಲಿಯೇ ಇತಿಹಾಸ ಪಾಠ ಹೇಳಿದವರು. ನನಗೆ ಮೊದಲು ಗುರುಗಳು, ಆಮೇಲೆ ಸಹೋದ್ಯೋಗಿ.

ಕುಂದಾಪುರದಿಂದ ಬಂದು ೧೯೯೦ರಲ್ಲಿ ಶಾಲೆ ಸೇರಿದ ಅವರಿಗೆ ನಾನು ಹತ್ತಿರದ ಪುಚೊಂಗ್‌ನಿಂದ ಬಂದ ವಿದ್ಯಾರ್ಥಿನಿ. ಮನೆಮಾತಾದ ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ನನ್ನನ್ನು ಅವರೆಂದೂ ತಿದ್ದಲಿಲ್ಲ. ತಾವು ಮಾತ್ರ ಕನ್ನಡದಲ್ಲೇ ಮಾತನಾಡುತ್ತಾ ಹೋದರು. ಈ ಲೇಖನ ಆ ತಾಳ್ಮೆಯ ಫಲ.

೨೦೨೧ರ ಶತಮಾನೋತ್ಸವಕ್ಕೆಂದು ಸಿದ್ಧವಾಗುತ್ತಿದ್ದ ಗ್ರಂಥದಲ್ಲಿ ಒಂದೇ ಕೊರತೆಯಿತ್ತು. ೧೯೪೧ರಲ್ಲಿ ಯುದ್ಧ ಬಂದು ಶಾಲೆ ಮುಚ್ಚಿದಾಗ ಕೊನೆಯ ತರಗತಿಯ ಹಾಜರಿ ಪುಸ್ತಕ ಕಳೆದುಹೋಗಿತ್ತು. ಲಾಕ್‌ಡೌನಿನ ವಿಡಿಯೊ ಸಭೆಯಲ್ಲಿ ಶತಮಾನೋತ್ಸವ ಸಮಿತಿಯ ಅಧ್ಯಕ್ಷ ಸದಾಶಿವ ಅವರು, "ರೆಕಾರ್ಡ್ಸ್ ಇಲ್ಲ ಅಂತ ಒಂದು ಲೈನ್ ಹಾಕಿ ಪ್ರಿಂಟ್‌ಗೆ ಕಳಿಸೋಣ ಸರ್, ಟೈಮ್ ಇಲ್ಲ" ಎಂದರು.

"ರೆಕಾರ್ಡ್ಸ್ ಇಲ್ಲ, ಸರಿ. ಆದ್ರೆ ಮಕ್ಕಳು ಇದ್ರಲ್ಲ?" ಎಂದರು ಉಪಾಧ್ಯರು. ಗ್ರಂಥ ತಡವಾಯಿತು, ಆ ದೂರನ್ನು ಅವರೇ ಹೊತ್ತರು.

ಆ ತರಗತಿಯಲ್ಲಿ ಇನ್ನೂ ಬದುಕಿದ್ದವರು ತೊಂಬತ್ತೈದರ ಅರುಮುಗಂ ಒಬ್ಬರೇ. ಅವರಿದ್ದ ವೃದ್ಧಾಶ್ರಮಕ್ಕೆ ಭೇಟಿ ನಿಷಿದ್ಧವಾಗಿದ್ದರಿಂದ ದಿನವೂ ಮಧ್ಯಾಹ್ನ ದಾದಿಯೊಬ್ಬರು ಅವರ ಕಿವಿಗೆ ಫೋನ್ ಹಿಡಿಯುತ್ತಿದ್ದರು. ಬರೆದುಕೊಳ್ಳಲು ನಾನೂ ಕರೆಯಲ್ಲಿರುತ್ತಿದ್ದೆ. ಎರಡು ತಿಂಗಳಲ್ಲಿ, ಒಮ್ಮೆ ಒಂದು, ಒಮ್ಮೆ ಎರಡು, ಇಪ್ಪತ್ತೇಳು ಹೆಸರುಗಳು ಸಿಕ್ಕವು. ಕೊನೆಯ ದಿನ ಅಜ್ಜ, "ಒಂದ್ಸಲ ನೀವು ಕೂಗಿ ಸರ್" ಎಂದು ಇಂಗ್ಲಿಷಿನಲ್ಲಿ ಕೇಳಿಕೊಂಡರು.

ಉಪಾಧ್ಯರು ಹಾಜರಿ ಕೂಗತೊಡಗಿದರು. ಮೂರನೆಯದಾಗಿ ಅಜ್ಜನದೇ ಹೆಸರು ಬಂದಾಗ, "ಪ್ರೆಸೆಂಟ್ ಸರ್!" ಎಂಬ ನಡುಗುವ ದನಿ. ಉಳಿದ ಹೆಸರುಗಳಿಗೆಲ್ಲ ನಿಶ್ಶಬ್ದ. ಪಟ್ಟಿ ಮುಗಿದ ಮೇಲೆ ಅಜ್ಜ ಮೆಲ್ಲಗೆ, ಇಲ್ಲಿಯ ಮಾತಿನ ಧಾಟಿಯಲ್ಲಿ, "ಸ್ವಲ್ಪ ವೇಟ್ ಮಾಡಿ ಲಾ, ಬರ್ತಾರೆ" ಎಂದರು.

"ಆಯ್ತು, ಕಾಯ್ತೇನೆ" ಎಂದ ಗುರುಗಳು ಬಹಳ ಹೊತ್ತು ಫೋನ್ ಇಡಲಿಲ್ಲ.

ಆ ಆಗಸ್ಟ್‌ನಲ್ಲಿ ಕೋವಿಡ್ ಅರುಮುಗಂ ಅವರನ್ನು ಕೊಂಡೊಯ್ದಿತು. ಅಕ್ಟೋಬರಿನಲ್ಲಿ ಗ್ರಂಥ ಬಂದಾಗ ಇಪ್ಪತ್ತೇಳು ಹೆಸರುಗಳೂ ಪೂರ್ತಿ ಪುಟವೊಂದರಲ್ಲಿ ಅಚ್ಚಾಗಿದ್ದವು. ಡಿಸೆಂಬರಿನಲ್ಲಿ ಗುರುಗಳೂ ನಿವೃತ್ತರಾದರು. ವಿದಾಯದ ದಿನ ಎದುರಿಗೆ ಮಕ್ಕಳಿರಲಿಲ್ಲ, ಪರದೆಯಿತ್ತು.

ಈಗ ಶಾಲೆ ತುಂಬಿದೆ. ಅವರ ತರಗತಿಯ ಮುಂದೆ ನನ್ನ ಹೆಜ್ಜೆ ಇಂದಿಗೂ ನಿಧಾನವಾಗುತ್ತದೆ. ಹಳೆಯ ವಿದ್ಯಾರ್ಥಿಗಳ ನೆನಪುಗಳ ಎರಡನೆಯ ಸಂಪುಟಕ್ಕೆ, ಅದರಾಚೆಯ ಹಲವು ಬರಹಗಳಿಗೆ ಸಾಲುವಷ್ಟು ಆಯುರಾರೋಗ್ಯ ಅವರಿಗಿರಲಿ. ಬರೆಯುವುದು ಮಾತ್ರ ಮನೆಯಲ್ಲಿ ಬೇಡ. ಸಿಬ್ಬಂದಿ ಕೊಠಡಿಯ ಕಿಟಕಿಯ ಬಳಿ ಅವರು ಕೂರುತ್ತಿದ್ದ ಜಾಗದಲ್ಲಿ ನಾವಿನ್ನೂ ಯಾರನ್ನೂ ಕೂರಿಸಿಲ್ಲ.

— ವಂದನಾ