ಟೋಪಿ ಹಾಕಿಕೊಂಡ ಕಪ್ಪೆ

ಸಿಂಧನೂರಿನ ಬಸ್‌ ಸ್ಟ್ಯಾಂಡ್‌ ಹತ್ತಿರ ನಮ್ಮಪ್ಪನದೊಂದು ಹೋಟೆಲ್‌ ಇದೆ. ಬೆಳಿಗ್ಗೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ, ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ, ಅನ್ನ, ಸಾರು. ನಾನು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಅದರ ಮೂಲೆಯಲ್ಲಿ ಒಂದು ಟಿವಿ ಇತ್ತು. ಊಟದ ಗದ್ದಲ ಇಳಿದು, ತುರ್ವಿಹಾಳದ ಬಸ್ಸಿಗೆ ಕಾಯುವ ಒಬ್ಬಿಬ್ಬರು ಚಹಾ ಹಿಡಿದು ಕೂತಿರುವ ಹೊತ್ತಿಗೆ ನಾನು ಬರುತ್ತಿದ್ದೆ. ಅಪ್ಪ ಗಲ್ಲಾದಿಂದ ಎದ್ದು ಬಂದು ಸುದ್ದಿ ತೆಗೆದು ಕಾರ್ಟೂನ್‌ ಹಾಕುತ್ತಿದ್ದ. ಮಗಳಿಗಾಗಿ ಹಾಕುತ್ತಾನೆಂದು ಗಿರಾಕಿಗಳು ಸುಮ್ಮನಿರುತ್ತಿದ್ದರು. ನಿಜವಾಗಿ ನೋಡುತ್ತಿದ್ದವನು ಅವನೇ.

ಅವನಿಗೆ ಬಹಳ ಹಿಡಿಸಿದ್ದು ಒಂದು ಕಂತು. ಅದು ಮತ್ತೆ ಮತ್ತೆ ಬರುತ್ತಿತ್ತು. ಕೆರೆ ದಂಡೆಯ ಮೇಲೆ ಬಾತುಕೋಳಿಯೊಂದು ಸೂಪಿನ ಅಂಗಡಿ ಇಟ್ಟಿರುತ್ತದೆ. ಅಡಿಗೆ ಮಾಡುವುದು ಒಂದು ಮುದಿ ಕಪ್ಪೆ. ಒಂದು ದಿನ ಉದ್ದನೆಯ ಕಾರಿನಿಂದ ಟೈ ಕಟ್ಟಿದ ಮೂರು ಕೊಕ್ಕರೆಗಳು ಇಳಿದು, ಮೂರೂ ಒಂದೇ ದನಿಯಲ್ಲಿ ಮಾತಾಡಿ, ಅಂಗಡಿಯನ್ನು ಕೊಂಡುಕೊಳ್ಳುತ್ತವೆ. ಗೋಡೆಗೆಲ್ಲ ಬಿಳಿ ಬಣ್ಣ ಬೀಳುತ್ತದೆ. ಸೂಪು ಪುಡಿಯಾಗಿ ಡಬ್ಬದಲ್ಲಿ ಬರುತ್ತದೆ. ಕೆಲಸದವರಿಗೆಲ್ಲ ಒಂದೊಂದು ಟೋಪಿ. ಹಾಕಿಕೊಂಡ ಕೂಡಲೇ ಬಾಯಿ ಕಿವಿಯ ತನಕ ಹರಿದು, ನಗು ಅಲ್ಲೇ ನಿಂತುಬಿಡುತ್ತದೆ. ಕಪ್ಪೆ ಬಹಳ ಹೊತ್ತು ಒಲ್ಲೆ ಅನ್ನುತ್ತದೆ, ಕೊನೆಗೆ ಹಾಕಿಕೊಳ್ಳುತ್ತದೆ. ಆಮೇಲೆ ತನ್ನ ಬಾತುಕೋಳಿಯನ್ನೇ ಗುರುತಿಸದೆ, "ಸಾಲಿನಲ್ಲಿ ಬನ್ನಿ" ಅನ್ನುತ್ತದೆ.

ಕೊನೆಗೆ ಪುಡಿ ಸೂಪೆಲ್ಲ ಉಕ್ಕಿ, ನೊರೆ ಬೀದಿಗೆ ಹರಿದು, ಕೊಕ್ಕರೆಗಳು ಅದರಲ್ಲೇ ತೇಲಿಹೋಗುತ್ತವೆ. ಅಪ್ಪ ತೊಡೆ ತಟ್ಟಿಕೊಂಡು ನಗುತ್ತಿದ್ದ. "ನೋಡಬೇ, ಕೋಟು ಬೂಟು ಹ್ಯಾಂಗ ತೇಲಾಕತ್ತಾವ!" ನನಗೆ ನಗು ಬರುತ್ತಿರಲಿಲ್ಲ. ಕಪ್ಪೆಯ ಕಣ್ಣು ಕಂಡರೆ ಹೆದರಿಕೆಯಾಗುತ್ತಿತ್ತು. ಬಾಯಿ ನಗುತ್ತಿದ್ದರೂ ಕಣ್ಣು ಹಳೆಯದೇ ಇರುತ್ತಿತ್ತು. ಅಪ್ಪನ ಅಂಗಿ ಹಿಡಿದುಕೊಂಡೇ ನೋಡುತ್ತಿದ್ದೆ. ಆದರೂ ಒಂದು ಸಲವೂ ನೋಡದೆ ಬಿಡಲಿಲ್ಲ.

ಹೋದ ವರ್ಷ, ಭತ್ತದ ನಾಟಿ ಸುರುವಾಗುವ ಹೊತ್ತಿಗೆ, ಹೈದರಾಬಾದಿನ ಒಂದು ಹೋಟೆಲ್‌ ಕಂಪನಿಯವರು ನಮ್ಮಲ್ಲಿಗೂ ಬಂದರು. ಅಷ್ಟರಲ್ಲಿ ನಾನು ಡಿಗ್ರಿ ಮುಗಿಸಿ ಗಲ್ಲಾ ನೋಡಿಕೊಳ್ಳುತ್ತಿದ್ದೆ. ಬಂದವನು ಮೆತ್ತಗಿನ ಮನುಷ್ಯ. ಮಿರ್ಚಿ ತಿಂದು ಚಲೋ ಇದೆ ಅಂದ. "ನೀವು ಎಲ್ಲಿಗೂ ಹೋಗಬೇಕಾಗಿಲ್ಲ, ಯಜಮಾನರೇ. ನೀವೇ ಇಲ್ಲಿ ಇರುತ್ತೀರಿ. ಹೆಸರು, ಅಡಿಗೆ, ವ್ಯವಸ್ಥೆ ಮಾತ್ರ ನಮ್ಮದು."

"ಅಂದ್ರ ನಾ ಏನು ಮಾಡಬೇಕ್ರಿ?" ಅಪ್ಪ ಕೇಳಿದ.

"ಬಂದವರನ್ನು ಸ್ವಾಗತಿಸಬೇಕು, ಅಷ್ಟೇ."

ಅಪ್ಪ ನನ್ನ ಕಡೆ ನೋಡಿದ. ನನಗೇನು ನೆನಪಾಯಿತೋ ಅವನಿಗೂ ಅದೇ ಆಗಿತ್ತು. ಅವನ ಮುಖದಲ್ಲಿ ನಗು ಇರಲಿಲ್ಲ.

ಜಾಗದ ಮಾಲೀಕ ಕಂಪನಿಯ ಪರವಾಗಿದ್ದ. ಅವ್ವ ಕೂಡ, "ಒಲಿ ಮುಂದ ನಿಂತು ನಿಂತು ನಿನ್ನ ಕಾಲು ಬಾತಾವು, ಒಪ್ಪಿಕೋ" ಅಂದಳು. ಅಪ್ಪ ಆಯಿತು ಅಂದ. ಆದರೆ ಅವತ್ತಿನಿಂದ ಊಟ ಕಡಿಮೆ ಮಾಡಿದ. ನೀಟಾಗಿ ಇಸ್ತ್ರಿ ಮಾಡಿದ ಅಂಗಿಯವರು ಒಳಗೆ ಬಂದರೆ ಅವನು ಮಿರ್ಚಿ ಕರಿಯುತ್ತಿದ್ದ ಜಾಲರಿ ಸೌಟು ಎಣ್ಣೆಯಲ್ಲೇ ನಿಲ್ಲುತ್ತಿತ್ತು.

ಸಹಿ ಮಾಡಬೇಕಾದ ದಿನ ಬೆಳಿಗ್ಗೆ ಮೆಣಸಿನಕಾಯಿ ತರುತ್ತೇನೆಂದು ಹೋದವನು ಬರಲಿಲ್ಲ. ಫೋನ್‌ ಮಾಡಿದರೆ ಗಲ್ಲಾದ ಡ್ರಾದೊಳಗೇ ಬಡಿದುಕೊಂಡಿತು. ಸಂತೆಯಲ್ಲಿ ಕೇಳಿದೆ, ಯಾರೂ ಕಂಡಿರಲಿಲ್ಲ. ಕಂಪನಿಯವನು ಬಂದು ಕೂತು ಚಹಾ ಕುಡಿದು ಗಡಿಯಾರ ನೋಡತೊಡಗಿದ. ಅವ್ವ ಒಳಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ನನ್ನ ರಟ್ಟೆ ಹಿಡಿದಳು. "ಕಾಲುವಿ ಕಡೆ ನೋಡಿ ಬಾರಬೇ." ನಾನು ಹೇಳಲು ಅಂಜಿದ್ದನ್ನು ಅವಳು ಬಾಯಿಬಿಟ್ಟು ಹೇಳಿದ್ದಳು.

ಗಾಡಿ ತೆಗೆದುಕೊಂಡು ಕಾಲುವೆಗೆ ಹೋದೆ. ನೀರು ತುಂಬಿ, ಕೆಂಪಗೆ, ಸದ್ದಿಲ್ಲದೆ ಹೋಗುತ್ತಿತ್ತು. ದಂಡೆಯ ಮೇಲೆ ಯಾರದೋ ಒಂದು ಜೊತೆ ಚಪ್ಪಲಿ. ಗಾಡಿ ಸ್ಟ್ಯಾಂಡ್‌ ಹಾಕುವುದೂ ಮರೆತು ಓಡಿದೆ. ತುಸು ಆಚೆ ಮೆಟ್ಟಿಲಲ್ಲಿ ಕೈಕಾಲು ತೊಳೆಯುತ್ತಿದ್ದ ಮುದುಕನೊಬ್ಬ ತಲೆ ಎತ್ತಿ, "ನನ್ನವs ಅವು ತಂಗಿ, ಯಾಕ?" ಅಂದ. ನಾನು ಅಲ್ಲೇ ಕುಳಿತುಬಿಟ್ಟೆ.

ಆಗ ಲಿಂಗಸುಗೂರಿನಿಂದ ಫೋನ್‌ ಬಂತು. ಅಪ್ಪನ ಹಳೆಯ ಗೆಳೆಯ. ನಾನು ಕಾಕಾ ಅನ್ನುತ್ತೇನೆ. ಅವರ ಖಾನಾವಳಿಯನ್ನು ಅದೇ ಕಂಪನಿ ಒಂದು ವರ್ಷದ ಹಿಂದೆ ತೆಗೆದುಕೊಂಡಿತ್ತು. ದನಿ ಬಹಳ ಸಣ್ಣಗಿತ್ತು. "ಅವ್ವಾ, ನಿಮ್ಮಪ್ಪ ಇಲ್ಲಿ ಬಂದು ಕುಂತಾನ. ಉಣವಲ್ಲ, ಏಳವಲ್ಲ. ಲಗೂನ ಬಾ." ಅಷ್ಟು ಹೇಳಿ ಇಟ್ಟುಬಿಟ್ಟರು.

ಅವ್ವನಿಗೆ ಫೋನ್‌ ಮಾಡಿ ಹೇಳಿ, ಗಾಡಿಯನ್ನು ಸ್ಟ್ಯಾಂಡಿನಲ್ಲಿ ಬಿಟ್ಟು, ಬಸ್‌ ಹತ್ತಿದೆ. ಮಸ್ಕಿಯಲ್ಲಿ ಬಸ್ಸು ನಿಂತದ್ದು ನಿಂತೇ ಇತ್ತು. ಕಂಡಕ್ಟರ್‌ ಇಳಿದು ಹೋಗಿದ್ದ. ಅಪ್ಪ ಅಲ್ಲಿಂದ ಎದ್ದು ಹೋಗಿಬಿಟ್ಟರೆ, ಮುಂದೆ ಹಟ್ಟಿಗೋ ಇನ್ನೆಲ್ಲಿಗೋ ಬಸ್ಸು ಹತ್ತಿಬಿಟ್ಟರೆ ಎಂದು ಎದುರಿನ ಸೀಟಿನ ಕಂಬಿ ಬಿಗಿಯಾಗಿ ಹಿಡಿದಿದ್ದೆ. ಪಕ್ಕದ ಹೆಂಗಸು, "ಯಾರಿಗರ ಆರಾಮಿಲ್ಲೇನು?" ಎಂದು ಕೇಳಿ ತನ್ನ ನೀರಿನ ಬಾಟಲಿ ಕೊಟ್ಟಳು.

ಕಾಕಾನ ಖಾನಾವಳಿ ನನಗೆ ಗುರುತೇ ಸಿಗಲಿಲ್ಲ. ಗಾಜಿನ ಬಾಗಿಲು, ತಣ್ಣನೆಯ ಗಾಳಿ. ಬಾಗಿಲಲ್ಲಿ ಕಾಕಾ ನಿಂತಿದ್ದರು. ಕಡು ನೀಲಿ ಅಂಗಿ, ತಲೆಗೆ ಕಂಪನಿಯ ಟೋಪಿ. ನನ್ನನ್ನು ನೋಡಿ, ನಗುತ್ತ, "ನಮಸ್ಕಾರ ಮೇಡಂ, ಎಷ್ಟು ಜನ?" ಅಂದರು.

ನಾನು ಹಿಂದಕ್ಕೆ ಸರಿದುಬಿಟ್ಟೆ. ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿಸಿದ ಮನುಷ್ಯ. ಅವತ್ತೇ ಫೋನಿನಲ್ಲಿ ನನ್ನನ್ನು ಅವ್ವಾ ಎಂದು ಕರೆದಿದ್ದ ಬಾಯಿ. ಬಾಯಿ ನಗುತ್ತಿತ್ತು, ಕಣ್ಣು ಮಾತ್ರ ಬಾಗಿಲ ಮೇಲಿದ್ದ ಕ್ಯಾಮೆರಾದ ಕಡೆ ಹೋಗಿ ಬಂತು. ಸಣ್ಣವಳಿದ್ದಾಗ ಹಿಡಿದುಕೊಳ್ಳುತ್ತಿದ್ದ ಅಪ್ಪನ ಅಂಗಿಗಾಗಿ ಒಳಗೆ ಹುಡುಕಿದೆ.

ಅಪ್ಪ ಕಿಟಕಿ ಹತ್ತಿರ ಕುಳಿತಿದ್ದ. ಮುಂದೆ ಮುಟ್ಟದ ಊಟದ ತಟ್ಟೆ. ನನ್ನನ್ನು ಕಂಡು, ಎಲ್ಲಿಂದ ಬಂದೆ ಎಂದೂ ಕೇಳಲಿಲ್ಲ.

"ನನಗೂ ಹಂಗs ಕೇಳ್ಯಾನ," ಅಂದ. "ಎಷ್ಟು ಜನ ಸರ್‌ ಅಂತ. ನಾ ಒಬ್ಬನs ಬಂದೀನಿ ಅಂತ ಅವಗ ಕಾಣಸಾಕತ್ತಿದ್ದಿಲ್ಲೇನು?"

"ಕ್ಯಾಮೆರಾ ಐತಪ್ಪಾ. ಅದಕ್ಕs ಹಂಗ ಅಂದಾರ."

"ಗೊತ್ತೈತಿ. ಅದಕ್ಕs ಅಂಜಿಕಿ ಬಂತು." ಅವನು ತಟ್ಟೆಯನ್ನು ದೂರ ಸರಿಸಿದ. "ಸಹಿ ಮಾಡಿದ್ರ ನಾನೂ ಹಂಗs ಅಂತೀನಿ, ನೋಡು. ನಿನಗೂ ಅಂತೀನಿ."

ನಾನು ಅವನ ಕೈ ಹಿಡಿದು ಎಬ್ಬಿಸಿದೆ. ಬಸ್‌ ನಿಲ್ದಾಣದ ತಿರುವಿನಲ್ಲಿ ಕಾಕಾ ಓಡಿಬಂದರು. ಟೋಪಿ ಕೈಯಲ್ಲಿತ್ತು.

"ಲೇ, ಸಿಟ್ಟಾಗಬ್ಯಾಡಲೇ. ನಾವು ಮಾತಾಡೋದೆಲ್ಲಾ ಕೇಳಸತೈತಿ ಅಂತಾರ ಅಲ್ಲಿ."

ಅಪ್ಪ ಅವರ ಹೆಗಲಿಗೆ ಕೈ ಹಾಕಿದ. "ಹ್ಯಾಂಗ ಅದಿ? ಖರೇ ಹೇಳು."

ಕಾಕಾ ಟೋಪಿಯನ್ನು ಕೈಯಲ್ಲೇ ತಿರುಗಿಸಿದರು. "ಪಗಾರ ತಪ್ಪಿಲ್ಲ. ಬೆಳಕಿದ್ದಾಗs ಮನಿಗೆ ಹೋಗತೀನಿ, ಮೊಮ್ಮಕ್ಕಳ ಮಾರಿ ನೋಡತೀನಿ. ಸುಳ್ಳು ಯಾಕ ಹೇಳಲಿ. ಆದ್ರ ಒಳಗ ಏನು ಅಡಗಿ ಆಗೈತಿ ಅಂತ ನನಗs ಗೊತ್ತಿರಂಗಿಲ್ಲ. ಯಾರರ ಕೇಳಿದ್ರ ಗೋಡಿ ಮ್ಯಾಲಿನ ಚಿತ್ರ ತೋರಸತೀನಿ." ಆಮೇಲೆ ಹಿಂದೆ ತಿರುಗಿ ನೋಡಿ, ಟೋಪಿ ಹಾಕಿಕೊಂಡು ಹೋದರು.

ಅಪ್ಪ ಸಹಿ ಮಾಡಲಿಲ್ಲ. ಮಾಲೀಕನ ಮುಂದೆ ಕೈ ಮುಗಿದು, ನಮ್ಮ ಬಾಡಿಗೆ ಕರಾರು ಮುಗಿಯುವ ತನಕ ಇರಲು ಬಿಡಿರೆಂದು ಕೇಳಿದ. ಮಾಲೀಕ ಬೈದು ಒಪ್ಪಿದ. ಕಂಪನಿ ಕಾಯಲಿಲ್ಲ. ರಸ್ತೆಯ ಆಚೆ ಬದಿಯಲ್ಲೇ ಗಾಜಿನ ಬಾಗಿಲಿನ ಹೋಟೆಲು ಇಟ್ಟಿತು. ಬಲೂನು ಕಟ್ಟಿದ ಮೊದಲ ದಿನ ನಮ್ಮ ಖಾಯಂ ಗಿರಾಕಿಗಳೂ ನಮ್ಮ ಮುಖ ತಪ್ಪಿಸಿ ಅತ್ತ ನಡೆದರು. ಅಪ್ಪ ಹಿಟ್ಟು ಕಲಸಿಟ್ಟುಕೊಂಡು ನಿಂತೇ ಇದ್ದ. ಕೆಲವರು ತಿರುಗಿ ಬಂದಿದ್ದಾರೆ, ಕೆಲವರು ಬಂದಿಲ್ಲ. ಕರಾರು ಮುಗಿಯುವುದರ ಬಗ್ಗೆ ನಾವ್ಯಾರೂ ಮನೆಯಲ್ಲಿ ಮಾತಾಡುವುದಿಲ್ಲ.

ಮೊನ್ನೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಎದುರಿನ ಹೋಟೆಲಿನ ಹೆಂಗಸೊಬ್ಬಳು, ಕಂಪನಿಯ ನೀಲಿ ಅಂಗಿಯ ಮೇಲೆ ಸೆರಗು ಹೊದ್ದುಕೊಂಡು, ನಮ್ಮಲ್ಲಿಗೆ ಬಂದಳು. ಜವಳಗೇರಾದವಳಂತೆ. ಗೋಡೆ ಕಡೆ ಮುಖ ಮಾಡಿ ಕುಳಿತು ಒಗ್ಗರಣಿ ತಿಂದಳು, ನೀರು ಕುಡಿದಳು, "ನಾ ಬಂದಿದ್ದೆ ಅಂತ ಯಾರ ಮುಂದನೂ ಹೇಳಬ್ಯಾಡ್ರಿ, ಕೆಲಸ ಹೋಗತೈತಿ" ಎಂದು ಹಿಂದಿನ ಸಂದಿಯಿಂದ ಹೋದಳು.

"ಅಕಿನ ಕಂಪನಿಯವ್ರು ಯಾಕ ಕಳಿಸ್ಯಾರ?" ಅಪ್ಪ ನನ್ನ ಕಿವಿಯಲ್ಲಿ ಕೇಳಿದ.

"ಹಸಿವಾಗಿತ್ತಪ್ಪಾ. ಉಣ್ಣಾಕ ಬಂದಿದ್ಲು."

ಅವನು ನಂಬಲಿಲ್ಲ. ಎದ್ದು ಹೋಗಿ ಹಿಂದಿನ ಬಾಗಿಲಿಗೆ ಚಿಲಕ ಹಾಕಿ, ಗಟ್ಟಿಯಾಗಿದೆಯೋ ಇಲ್ಲವೋ ಎಂದು ಎಳೆದು ನೋಡಿದ.