ಹಂಡೆಯ ಕಂಪು

ನನ್ನ ತವರು ಮಾಲೂರಿನ ಕಡೆ. ಮುಳಬಾಗಿಲಿಗೆ ಸೊಸೆಯಾಗಿ ಬಂದಾಗ ಅಮ್ಮ ಒಂದು ತಾಮ್ರದ ಹಂಡೆ ಕೊಟ್ಟಿದ್ದಳು. ಅವಳು ತೀರಿಕೊಂಡ ಮೇಲೆ ಅವಳದು ಅಂತ ನನಗೆ ಉಳಿದದ್ದು ಅದೊಂದೇ. ಅದರಲ್ಲಿ ಟೈರು ಬೇಯಿಸುವ ಗಂಡ ಸಿಗುತ್ತಾನೆಂದು ಯಾರು ಎಣಿಸಿದ್ದರು?

ನಮ್ಮ ಯಜಮಾನರು ಶ್ರೀನಿವಾಸಪುರದ ಬಸ್ಸಿನ ಡ್ರೈವರು. ಯುದ್ಧ ಬಂದು ಹೊಸ ಟೈರು ಕಣ್ಣಿಗೂ ಬೀಳದಂತಾಯಿತು. ಬಸ್ಸು ಕಲ್ಲಿನ ಮೇಲೆ ಕೂತಿತು, ಇವರು ಜಗಲಿಯ ಮೇಲೆ ಕೂತರು. ಹಳೇ ಟೈರನ್ನು ಕಾಸ್ಟಿಕ್ ಸೋಡದಲ್ಲಿ ಬೇಯಿಸಿದರೆ ರಬ್ಬರು ಮತ್ತೆ ಮೆತ್ತಗಾಗುತ್ತದೆಂದು ಕೋಲಾರದಲ್ಲಿ ಯಾರೋ ಇವರ ತಲೆಗೆ ತುಂಬಿದ್ದರು. ನಾನು ಬಾವಿಗೆ ಹೋಗಿ ಬರುವಷ್ಟರಲ್ಲಿ ಟೈರಿನ ತುಂಡುಗಳು ನನ್ನ ಹಂಡೆಯಲ್ಲಿ ಕುದಿಯುತ್ತಿದ್ದವು.

"ರೀ, ನಿಮಗೆ ಬೇರೆ ಪಾತ್ರೆ ಸಿಗ್ಲಿಲ್ವಾ?"

"ರಬ್ಬರಲ್ಲಿರೋ ಗಂಧಕದ ಕಟ್ಟು ಬಿಡಿಸ್ತಿದೀನಿ ಕಣೇ. ಸುಮ್ನಿರು."

ಅಷ್ಟರಲ್ಲಿ ಒಳಗಿನಿಂದ ಅತ್ತೆಯ ಕೂಗು: "ಏಮಿ ಕಂಪುರಾ ಇದಿ!"

ಅವರ ಮನೆಮಾತು ತೆಲುಗು. ಅವರು ಹೇಳಿದ್ದು ಗಬ್ಬುನಾತ ಅಂತ. ನನ್ನ ಕನ್ನಡದ ಕಿವಿಗೆ ಕೇಳಿಸಿದ್ದು ಪರಿಮಳ ಅಂತ. ಮಗ ಏನು ಬೇಯಿಸಿದರೂ ಅವರಿಗೆ ಮಲ್ಲಿಗೆಯೇ ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಅತ್ತೆಯ ಜೊತೆ ಮಾತು ಬಿಟ್ಟೆ. ಕೊನೆಗೆ ಪಕ್ಕದ ಮನೆಯಾಕೆ ಅರ್ಥ ಹೇಳಿ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ.

ರಬ್ಬರು ಮೆತ್ತಗಾದದ್ದೇನೋ ನಿಜ. ಅದನ್ನು ಸವೆದ ಟೈರಿಗೆ ಮೆತ್ತಿ, ಒಣಗಿಸಿ, ಬಸ್ಸು ಹೊರಡಿಸಿದರು. ಊರು ದಾಟುವ ಮೊದಲೇ ಕಿತ್ತುಕೊಂಡು ಬಂತು. ಬಿಡಿಸಿದ ಕಟ್ಟನ್ನು ಮತ್ತೆ ಕಟ್ಟುವುದು ಹೇಗೆಂದು ಇವರಿಗೂ ತಿಳಿಯದು, ತಲೆಗೆ ತುಂಬಿದವನಿಗೂ ತಿಳಿಯದು. ಮಿಕ್ಕ ರಬ್ಬರು ಹಂಡೆಯೊಳಗೆ ಕಚ್ಚಿಕೊಂಡು ಕೂತಿತ್ತು.

ನೀರು ತುಂಬುವ ಹಬ್ಬ ಬಂತು. ಹಂಡೆ ಬೆಳಗಿ ಪೂಜೆ ಮಾಡಬೇಕು, ಮರುದಿನದ ಎಣ್ಣೆಸ್ನಾನಕ್ಕೆ ನನ್ನ ಅಣ್ಣ ಬರುವವನಿದ್ದ. ಹುಣಸೆಹಣ್ಣು, ಬೂದಿ, ಇಟ್ಟಿಗೆಪುಡಿ ಯಾವುದಕ್ಕೂ ಆ ರಬ್ಬರು ಜಗ್ಗಲಿಲ್ಲ.

"ಬಿಡೇ, ನಾನು ತೆಗೀತೀನಿ" ಎಂದು ಇವರು ಉಳಿ ಹಿಡಿದು ಕೆತ್ತಿ ಹಂಡೆಯ ಪಕ್ಕಕ್ಕೆ ತೂತು ಮಾಡಿದರು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಇವರು ಅದೇ ದರಿದ್ರ ರಬ್ಬರನ್ನು ಬಿಸಿ ಮಾಡಿ ತೂತಿಗೆ ಮೆತ್ತಿದರು.

ಬಸ್ಸಿಗೆ ಹಿಡಿಯದ್ದು ಅಮ್ಮನ ಹಂಡೆಗೆ ಹಿಡಿಯಿತು. ಒಂದು ಹನಿಯೂ ಸೋರಲಿಲ್ಲ.

ಅಣ್ಣ ಮೊದಲ ಚೊಂಬು ನೀರು ತಲೆಗೆ ಹೊಯ್ದುಕೊಂಡು ಕೇಳಿದ: "ಇದೇನಮ್ಮಾ, ಅಮ್ಮನ ಹಂಡೆ ನೀರು ಹಿಂಗ್ಯಾಕೆ?"

"ಕಂಪು ಕಣಣ್ಣಾ" ಅಂದೆ. ಯಾವ ಭಾಷೆಯದೆಂದು ಹೇಳುವ ಬಾಯಿ ನನಗಿರಲಿಲ್ಲ.