ಅಕ್ಕನ ಗೋಡೆಯ ಕೆಂಪು ಗೆರೆ

ನಗರಸಭೆಯ ಸರ್ವೆ ವಿಭಾಗದಲ್ಲಿ ಗೋಡೆಗಳ ಮೇಲೆ ಗುರುತು ಹಾಕುವ ಕೆಲಸ ಅವನದು. ರಸ್ತೆ ಅಗಲವಾಗಬೇಕಿರಲಿ, ಚರಂಡಿ ಹಾಯಬೇಕಿರಲಿ, ಕಟ್ಟಡವನ್ನು ಎಲ್ಲಿಯವರೆಗೆ ಒಡೆಯಬೇಕೋ ಅಲ್ಲಿ ಕೆಂಪು ಗೆರೆ ಎಳೆಯುತ್ತಾನೆ. ಊರವರ ಬಾಯಲ್ಲಿ ಅವನು ಗೆರೆಯಣ್ಣ. ಬೈಯುವವರೂ ಹಾಗೇ ಕರೆದು ಬೈಯುತ್ತಾರೆ.

ಅವನಿಗೊಂದು ರೂಢಿಯಿತ್ತು. ಹೊಸ ಬೀದಿಗೆ ಕಾಲಿಟ್ಟಾಗ ಅಲ್ಲಿ ತನ್ನ ಕಡೆಯವರು ಯಾರಾದರೂ ಇದ್ದರೆ ಮೊದಲ ಗೆರೆ ಅವರ ಗೋಡೆಗೇ. ತನ್ನವರನ್ನೇ ಬಿಡದವನ ಜೊತೆ ಜಗಳ ಕಾಯಲು ಜನಕ್ಕೆ ಬಾಯಿ ಬರುವುದಿಲ್ಲ ಎನ್ನುವುದು ಅವನ ಲೆಕ್ಕಾಚಾರ.

ಊರೊಳಗೆ ಓಡುವ ಲೈಟ್ ರೈಲಿನ ಯೋಜನೆ ಬಂದಾಗ ದಾರಿ ಹಾದದ್ದು ಅವನ ಅಕ್ಕನ ಬೀದಿಯಲ್ಲಿ. ಅಕ್ಕ ಟೈಲರ್. ಗಂಡ ತೀರಿಕೊಂಡ ಮೇಲೆ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕು ಕಟ್ಟಿಕೊಂಡವಳು. ಯಾರ ಸೊಂಟ ದಪ್ಪವಾಯಿತು, ಯಾರ ಮಗಳ ಮದುವೆ ಗೊತ್ತಾಯಿತು, ಎಲ್ಲ ಮೊದಲು ತಿಳಿಯುತ್ತಿದ್ದದ್ದು ಅವಳಿಗೆ. ಬಣ್ಣದ ಡಬ್ಬಿ ಹಿಡಿದು ತಮ್ಮ ಬಂದದ್ದು ಕಂಡು ನಕ್ಕಳು. ಬಾಗಿಲಿಗೆ ಬಣ್ಣ ಹೊಡೆದುಕೊಡು ಎಂದು ಬೇಡಿಕೊಂಡಾಗ ಪುರುಸೊತ್ತಿಲ್ಲದವನಿಗೆ ಗೋಡೆಗೆ ಹೊಡೆಯಲು ಪುರುಸೊತ್ತಾಯಿತೇ ಎಂದು ಕಾಲೆಳೆದಳು.

ಆಮೇಲೆ ಕೇಳಿದ್ದು ಒಂದೇ ಮಾತು. "ಇದು ಖಂಡಿತ ಆಗುತ್ತೇನೋ?"

"ಆಗುತ್ತೆ ಅಕ್ಕಾ. ದುಡ್ಡು ಬಂದಾಗಿದೆ. ನೀನು ಮೊದಲು ಒಪ್ಪಿದ್ರೆ ಉಳಿದವರು ತಾವಾಗೇ ಒಪ್ತಾರೆ."

ದುಡ್ಡು ಬಂದಿರಲಿಲ್ಲ. ಬಂದೇ ಬರುತ್ತದೆ ಎಂದು ಮೇಲಿನವರು ಅಂದಿದ್ದರು, ಅವನು ಅದನ್ನು ಬಂದ ಹಾಗೇ ಎಂದುಕೊಂಡಿದ್ದ. ಅಕ್ಕ ಸಹಿ ಹಾಕಿದಳು. ಊರಾಚೆಯ ವಸತಿ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿ ಅವಳಿಗೆ ಮನೆ ಕೊಟ್ಟರು. ಹಳೆಯದನ್ನು ಕೆಡವುವಾಗ ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ತಮ್ಮ ಸರದಿ ಬಂದಾಗ ಮಾತ್ರ ನಾಳೆ, ನಾಡಿದ್ದು ಎನ್ನುತ್ತ ದಿನ ತಳ್ಳಿದರು.

ಅಷ್ಟರಲ್ಲಿ ಜಗಳ ಹತ್ತಿಕೊಂಡಿತು. ಅರ್ಧ ಖರ್ಚು ನಗರಸಭೆಯೇ ಹೊರಲಿ ಎಂದಿತು ಸರ್ಕಾರ. ಮೊದಲು ನಿಮ್ಮ ಪಾಲು ಕೊಡಿ ಎಂದಿತು ನಗರಸಭೆ. ರೈಲು ನದಿಯಾಚೆಗೆ ಬಾರದಿದ್ದರೆ ಒಪ್ಪಿಗೆಗೆ ಕೈ ಎತ್ತುವುದಿಲ್ಲ ಎಂದು ಆ ಕಡೆಯ ಸದಸ್ಯರು ಹಟ ಹಿಡಿದರು. ಸಭೆಯಲ್ಲಿ ಎದ್ದು ನಿಂತವರೆಲ್ಲ ರೈಲನ್ನು ತಂತಮ್ಮ ಮನೆ ಬಾಗಿಲಿಗೆ ಎಳೆದರು. ಚುನಾವಣೆಯಾಗಿ ಅಧ್ಯಕ್ಷರು ಬದಲಾದರು. ಹೊಸಬರು ದಾರಿಯನ್ನು ನದಿಯಾಚೆಗೆ ತಿರುಗಿಸಿ, ದುಡ್ಡು ಬಂದಾಗ ನೋಡೋಣ ಎಂದು ಕೈತೊಳೆದುಕೊಂಡರು. ಅಕ್ಕನ ಬೀದಿಯಲ್ಲಿ ಬಿದ್ದದ್ದು ಒಂದೇ ಮನೆ.

ಈ ಸುದ್ದಿ ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ. ಬೇರೆ ಯಾರಿಂದಲೋ ತಿಳಿದ ಅಕ್ಕ ಕೂಗಾಡಲಿಲ್ಲ. ಒಂದು ಸಲ ಹೋಗಿ ನೋಡಿಕೊಂಡು ಬರೋಣ ಎಂದಳು ಅಷ್ಟೆ.

ಮನೆಯಿದ್ದ ಜಾಗದಲ್ಲಿ ಬೀದಿಯವರ ಸ್ಕೂಟರುಗಳು ನಿಂತಿದ್ದವು. ಪಕ್ಕದ ಮನೆಯ ಗೋಡೆಗೆ ಅವಳ ಕೋಣೆಯ ತಿಳಿಹಸಿರು ಬಣ್ಣ ಇನ್ನೂ ಅಂಟಿಕೊಂಡಿತ್ತು. ಕನ್ನಡಿ ತೂಗುತ್ತಿದ್ದ ಕಡೆ ಮೊಳೆ ಹಾಗೇ ಇತ್ತು. ಪಕ್ಕದ ಮನೆಯಾಕೆ ಇಬ್ಬರನ್ನೂ ಒಳಗೆ ಕರೆದು ಚಹಾ ಕೊಟ್ಟಳು. ಈಗ ರವಿಕೆಗೆ ಪೇಟೆಯ ಅಂಗಡಿಗೇ ಹೋಗಬೇಕು, ಅಲ್ಲಿಯ ಟೈಲರ್ ಹೊಲಿದದ್ದು ತೋಳಿಗೆ ಏರುವುದಿಲ್ಲ ಎಂದು ನಗಿಸಿದಳು. ಆಮೇಲೆ ತಡೆದು ತಡೆದು, ನಿಮ್ಮ ಮನೆ ಹೋದಾಗಿನಿಂದ ನಮ್ಮ ಗೋಡೆಗೆ ಮಳೆ ಹೊಡೆದು ಒಳಗೆಲ್ಲ ತೇವ ಎಂದಳು.

ಅಕ್ಕ ಲೋಟ ಕೆಳಗಿಟ್ಟಳು. "ತಪ್ಪಾಯ್ತಮ್ಮ," ಅಂದಳು.

ತಮ್ಮ ತಲೆ ಎತ್ತಲಿಲ್ಲ. ಆ ಮಾತು ಹೇಳಬೇಕಾದವನು ತಾನು, ಹೇಳಬೇಕಾದದ್ದು ಅವಳಿಗೆ, ಎನ್ನುವುದು ಅವನಿಗೆ ಗೊತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯಾಚೆ ನೋಡುತ್ತಲೇ ಹೇಳಿದಳು. "ನಿನ್ನ ಮೇಲೆ ಕೋಪ ಇಲ್ಲ ಕಣೋ. ನಿನಗೂ ಗೊತ್ತಿರಲಿಲ್ಲ. ಆದ್ರೆ ನಿನ್ನ ಮುಖ ನೋಡಿದ್ರೆ ನಂಗೆ ಆ ಮನೆ ಕಣ್ಣಿಗೆ ಬರುತ್ತೆ. ಇನ್ನು ಸ್ವಲ್ಪ ಕಾಲ ನಮ್ಮ ಕಡೆ ಬರಬೇಡ."

ಅವನು ಹೂಂ ಅಂದ. ಅವಳ ನಿಲ್ದಾಣದಲ್ಲಿ ತಾನೂ ಇಳಿದು, ಚೀಲ ಹೊತ್ತು ಗೇಟಿನವರೆಗೆ ನಡೆದ. ಅಲ್ಲಿ ಅವಳು ಕೈ ಚಾಚಿ ಚೀಲ ಇಸಿದುಕೊಂಡಳು. ಊಟ ಮಾಡಿಕೊಂಡು ಹೋಗು ಎನ್ನಲಿಲ್ಲ.